ಮಲೆನಾಡಿನ ಮಳೆಯಲ್ಲಿ ನವಜಾತ ಶಿಶುವಿನ ರಕ್ತದ ಕಾರ್ಡ್: ನನ್ನ ಅನುಭವ

ಹುಟ್ಟಿನಿಂದಲೇ ಬರುವ ಕೆಲವು ಕಾಯಿಲೆಗಳನ್ನು ಬೇಗ ಪತ್ತೆಹಚ್ಚಲು, ಕೂಸಿನ ಹಿಮ್ಮಡಿ ಚುಚ್ಚಿ ಬಂದ ರಕ್ತವನ್ನು ಕಾಗದದ ಕಾರ್ಡಿನ ವೃತ್ತಗಳಿಗೆ ತಾಗಿಸಿ, ಒಣಗಿಸಿ ಲ್ಯಾಬಿಗೆ ಕಳಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರುವ ರಕ್ತದ ಕಾರ್ಡ್‌ಗಳಲ್ಲಿ ಕೆಟ್ಟವು ಹೆಚ್ಚು. ಚುಚ್ಚಿದ್ದು ಸರಿಯಾಗಿಯೇ ಇರುತ್ತದೆ, ಒಣಗಿಸಿದ್ದು ಸರಿಯಿರುವುದಿಲ್ಲ. ತೇವದ ಹೊಡೆತ ಎರಡು ಕಡೆ ಬೀಳುತ್ತದೆ. ಬಯೋಟಿನಿಡೇಸ್, ಜಿಎಎಲ್‌ಟಿ, ಜಿ6ಪಿಡಿಯಂಥ ಕಿಣ್ವಗಳು ಕಾಗದದ ಮೇಲೇ ಸತ್ತುಹೋಗಿ, ಆರೋಗ್ಯವಂತ ಮಗುವಿಗೂ ಕೊರತೆಯಿದೆ ಎಂದು ವರದಿ ಬರುತ್ತದೆ. ಇದನ್ನು ಎರಡನೇ ಕಾರ್ಡ್ ತರಿಸಿ ಸರಿಪಡಿಸಬಹುದು. ಇನ್ನೊಂದು ಇದಕ್ಕಿಂತ ಅಪಾಯದ್ದು: ಟೈರೋಸಿನೀಮಿಯಾದ (ಟೈರೋಸಿನ್ ಎಂಬ ಅಮೈನೋ ಆಮ್ಲ ಸರಿಯಾಗಿ ಒಡೆಯದ ಕಾಯಿಲೆ) ಗುರುತಾದ ಸಕ್ಸಿನೈಲ್‌ಅಸಿಟೋನ್ ಎಂಬ ವಸ್ತು ತೇವ, ಸೆಕೆಗಳಲ್ಲಿ ಇಳಿದುಹೋಗುವುದರಿಂದ ನಿಜವಾಗಿ ಕಾಯಿಲೆಯಿರುವ ಮಗು ಕೈತಪ್ಪುತ್ತದೆ.

ರಕ್ತ ತೆಗೆಯುವ ಹೊತ್ತು ಹುಟ್ಟಿದ 48ರಿಂದ 72 ಗಂಟೆಯೊಳಗೆ. 24 ಗಂಟೆಗೆ ಮೊದಲೇ ತೆಗೆದರೆ, ಹಾಲು ಸಾಕಷ್ಟು ಒಳಗೆ ಹೋಗಿರದ ಕಾರಣ ಫಿನೈಲ್‌ಕೀಟೋನ್ಯೂರಿಯಾ ಎಂಬ ಕಾಯಿಲೆಯನ್ನು ತೋರಿಸುವ ಫಿನೈಲ್‌ಅಲನಿನ್ (ಒಂದು ಅಮೈನೋ ಆಮ್ಲ) ಏರಿರುವುದಿಲ್ಲ. ಹಿಮ್ಮಡಿಯನ್ನು ಬೆಚ್ಚಗಿನ ಬಟ್ಟೆಯಿಂದ ಮೂರರಿಂದ ಐದು ನಿಮಿಷ ಸುತ್ತಿಡಬೇಕು. ಸ್ಪಿರಿಟ್ ಪೂರ್ತಿ ಆರಿದ ಮೇಲೆ, ಹಿಮ್ಮಡಿಯ ಅಡಿಯ ಒಳ ಅಥವಾ ಹೊರ ಅಂಚಿನಲ್ಲಿ, 2 ಮಿ.ಮೀ.ಗಿಂತ ಆಳಕ್ಕೆ ಹೋಗದ ಲ್ಯಾನ್ಸೆಟ್‌ನಿಂದ (ಚುಚ್ಚುವ ಪುಟ್ಟ ಅಲಗು) ಚುಚ್ಚುತ್ತೇವೆ. ಹಿಮ್ಮಡಿಯ ನಡುಭಾಗ ಬೇಡ, ಅಲ್ಲಿ ಮೂಳೆ ಹತ್ತಿರ. ಮೊದಲ ಹನಿ ಒರೆಸಿ, ದೊಡ್ಡ ಹನಿ ತಾನಾಗಿ ತುಂಬಿಕೊಳ್ಳುವವರೆಗೆ ಕಾದು, ಕಾಗದದ ಒಂದೇ ಬದಿಗೆ ಒಂದೇ ಸಲ ತಾಗಿಸಬೇಕು. ಹಿಂಬದಿಯಲ್ಲೂ ವೃತ್ತ ಅಷ್ಟೇ ಕೆಂಪಾಗಿ ಕಾಣಬೇಕು. ಹಿಂಡಿದರೆ ಅಂಗಾಂಶದ ನೀರು ಬೆರೆತು ರಕ್ತ ತೆಳುವಾಗುತ್ತದೆ. ಹನಿಯ ಮೇಲೆ ಹನಿ ಹಾಕಿದರೆ ಪದರ ಕಟ್ಟುತ್ತದೆ. ಲ್ಯಾಬಿನಲ್ಲಿ ಕತ್ತರಿಸುವ ಚೂರು ಬರೀ 3.2 ಮಿ.ಮೀ., ಅದರಲ್ಲಿ ಸುಮಾರು 3 ಮೈಕ್ರೋಲೀಟರ್ ರಕ್ತ. ವೃತ್ತದುದ್ದಕ್ಕೂ ರಕ್ತ ಒಂದೇ ಸಮ ಇಲ್ಲದಿದ್ದರೆ ಅಂಕಿಯೂ ಸುಳ್ಳಾಗುತ್ತದೆ.

ಇನ್ನು ಒಣಗಿಸುವುದು. ಪುಸ್ತಕದಲ್ಲಿರುವುದು ಮೂರರಿಂದ ನಾಲ್ಕು ಗಂಟೆ, ಕೋಣೆಯ ಉಷ್ಣತೆ, ಮಲಗಿಸಿಟ್ಟು, ಯಾವುದಕ್ಕೂ ತಾಗದಂತೆ. ಆಷಾಢದ ಮಳೆ ಹಿಡಿದಾಗ ಹಪ್ಪಳವೇ ಒಣಗದ ಊರಿನಲ್ಲಿ ಅಷ್ಟು ಹೊತ್ತು ಸಾಲದು. ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಒಣಗಿಸಿ ರೂಢಿಯಿರುವ ನಮ್ಮವರಿಗೆ ಬೆಚ್ಚಗಿನ ಜಾಗ ಹುಡುಕುವುದು ಸಹಜ. ಕಾರ್ಡ್ ಆಟೋಕ್ಲೇವ್ ಪಕ್ಕಕ್ಕೋ ಬೇಬಿ ವಾರ್ಮರ್ ಕೆಳಗೋ ಹೋಗುವುದು ಹೀಗೆ. ದಯವಿಟ್ಟು ಬೇಡ. ಶಾಖವೂ ಕಿಣ್ವವನ್ನು ಕೊಲ್ಲುತ್ತದೆ.

ನಾವು ಮಾಡುವುದು ಹೀಗೆ. ಎಸಿಯಿರುವ ಕೋಣೆಯಿದ್ದರೆ ಡ್ರೈ ಮೋಡ್‌ಗೆ ಹಾಕಿ, ಗೋಡೆಗೊಂದು ಹೈಗ್ರೋಮೀಟರ್ (ತೇವಾಂಶ ಅಳೆಯುವ ಸಾಧನ) ತೂಗಿ, ತೇವಾಂಶ 50 ಶೇಕಡಾಕ್ಕಿಂತ ಕೆಳಗಿಳಿದ ಮೇಲೆ ಕಾರ್ಡ್ ಒಳಗೆ ಒಯ್ಯುತ್ತೇವೆ. ಕರೆಂಟ್ ಹೋಗುವ ದಿನಗಳಿಗೆ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಸಿದ್ಧವಿರುತ್ತದೆ. ತಳದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಅರ್ಧ ಕಿಲೋ, ಮೇಲೆ ಜಾಲರಿ, ಜಾಲರಿಯ ಮೇಲೆ ಒಮ್ಮೆಗೆ ನಾಲ್ಕೇ ಕಾರ್ಡ್. ಹೆಚ್ಚು ಇಟ್ಟರೆ ಒಂದರ ತೇವ ಇನ್ನೊಂದಕ್ಕೆ. ಕೆಂಪು ಪೂರ್ತಿ ಕಂದಾಗುವವರೆಗೆ, ಬೇಕಾದರೆ ರಾತ್ರಿಯಿಡೀ, ಮುಟ್ಟುವುದಿಲ್ಲ. ಬಣ್ಣ ಬದಲಾದ ಜೆಲ್ಲನ್ನು ಲ್ಯಾಬಿನ ಓವನ್‌ನಲ್ಲಿ 110 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತದೆ.

ಒಣಗಿದ ಕಾರ್ಡ್ ಅಂದೇ ಜಿಪ್ ಕವರಿಗೆ, ಜೊತೆಗೆ ಜೆಲ್ ಪೊಟ್ಟಣ ಮತ್ತು ತೇವಾಂಶ ತೋರಿಸುವ ಚೀಟಿ. ಚೀಟಿ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಆ ಕಾರ್ಡನ್ನು ಪರೀಕ್ಷೆಗೆ ಹಾಕದೆ ಹೊಸದು ಕೇಳುತ್ತೇವೆ. ಹಸಿ ಕಾರ್ಡನ್ನು ಕವರಿಗೆ ತುರುಕಿ ಬಸ್ಸಿಗೆ ಕೊಡುವುದಕ್ಕಿಂತ ಒಂದು ದಿನ ತಡವಾದರೂ ಒಣಗಿಸಿ ಕಳಿಸಿದ್ದು ಲೇಸು.

ಫಾರಂನಲ್ಲಿ ಹುಟ್ಟಿದ ಮತ್ತು ರಕ್ತ ತೆಗೆದ ಗಂಟೆ, ಹಾಲು ಶುರುವಾದದ್ದು, ರಕ್ತ ಏರಿಸಿದ್ದಾರೆಯೇ ಎಂಬುದು ಬೇಕೇ ಬೇಕು. ರಕ್ತ ಏರಿಸಿದರೆ ದಾನಿಯ ಕೆಂಪುಕಣದ ಜಿಎಎಲ್‌ಟಿ ಬಂದು ಗ್ಯಾಲಾಕ್ಟೋಸೀಮಿಯಾ (ಹಾಲಿನ ಸಕ್ಕರೆಯಲ್ಲಿನ ಗ್ಯಾಲಾಕ್ಟೋಸ್ ಒಡೆಯದ ಕಾಯಿಲೆ) ಮುಚ್ಚಿಹೋಗುತ್ತದೆ, ಹಾಗಾಗಿ ರಕ್ತ ಏರಿಸುವ ಮೊದಲೇ ಕಾರ್ಡ್ ತೆಗೆಯಬೇಕು. "ರಕ್ತಸಂಬಂಧದಲ್ಲಿ ಮದುವೆಯೇ?" ಎಂದು ಕೇಳಿದರೆ ಎಷ್ಟೋ ಜನ ಇಲ್ಲ ಎನ್ನುತ್ತಾರೆ. "ಯಜಮಾನರು ನಿಮಗೆ ಸೋದರಮಾವ ಆಗಬೇಕೇನಮ್ಮಾ, ಅತ್ತೆ ಮಗನೋ?" ಎಂದರೆ ಉತ್ತರ ಬರುತ್ತದೆ. ಹಿಂದಿನ ಕೂಸು ಹಾಲು ಬಿಟ್ಟು ಮೊದಲ ವಾರದಲ್ಲೇ ಹೋಯಿತೇ ಎಂಬುದನ್ನೂ ಮೆಲ್ಲಗೆ ಕೇಳಬೇಕು. ಈ ಕಾಯಿಲೆಗಳಲ್ಲಿ ಹೆಚ್ಚಿನವು ತಂದೆತಾಯಿ ಇಬ್ಬರೂ ವಾಹಕರಾಗಿದ್ದಾಗ ಬರುವಂಥವು, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ.

ವಾಸನೆಯ ಬಗ್ಗೆ ಒಂದು ಮಾತು. ಕೆಲವು ಅಮೈನೋ ಆಮ್ಲಗಳು ಒಡೆಯದ ಮೇಪಲ್ ಸಿರಪ್ ಕಾಯಿಲೆಯಲ್ಲಿ ಮೂತ್ರ, ಕಿವಿಯ ಗುಗ್ಗೆ ಕುದಿಯುವ ಜೋನಿಬೆಲ್ಲದಂತೆ ನಾರುತ್ತದೆ. ಆ ವಾಸನೆ ಕೊಡುವುದು ಸೊಟೊಲೋನ್ ಎಂಬ ವಸ್ತು, ಮೆಂತ್ಯದಲ್ಲೂ ಇರುವುದು ಅದೇ. ತಾಯಿ ಮೆಂತ್ಯ ತಿಂದಿದ್ದರೆ ಆರೋಗ್ಯವಂತ ಕೂಸಿಗೂ ಆ ವಾಸನೆ ಬರಬಹುದು. ಆದರೆ ಕೂಸು ಮಂಕಾಗಿ ಹಾಲು ಬಿಟ್ಟಿದ್ದರೆ ಮೆಂತ್ಯದ ಮೇಲೆ ಹಾಕಿ ಕೂರಬೇಡಿ.

ಅಂಥ ಕೂಸಿಗೆ ಕಾರ್ಡಿನ ವರದಿ ಬರಲೆಂದು ಕಾಯುವಂತೆಯೂ ಇಲ್ಲ. ಕೂಡಲೇ ಗ್ಲೂಕೋಸ್, ಬ್ಲಡ್ ಗ್ಯಾಸ್, ಕೀಟೋನ್, ಅಮೋನಿಯಾ ನೋಡಬೇಕು. ಅಮೋನಿಯಾಕ್ಕೆ ತೋಳು ಬಿಗಿಯದೆ ಸರಾಗ ಹರಿದ ರಕ್ತವನ್ನು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಇರುವ ಟ್ಯೂಬಿಗೆ ತೆಗೆದು, ಐಸಿನಲ್ಲಿಟ್ಟು, ಹದಿನೈದು ನಿಮಿಷದೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ತಡವಾದರೆ ಟ್ಯೂಬಿನೊಳಗೇ ಅಮೋನಿಯಾ ಏರುತ್ತದೆ.