ಯೋಗಸೂತ್ರದ ಪದಗಳನ್ನು ದಿನದ ಕೆಲಸಕ್ಕೆ ಕಟ್ಟಿಕೊಳ್ಳುವ ಬಗೆ

ಅಷ್ಟಾಂಗ ವಿನ್ಯಾಸ ಯೋಗವನ್ನು ದೇಶವಿದೇಶಗಳವರಿಗೆ ಕಲಿಸಿದ ಕೆ. ಪಟ್ಟಾಭಿ ಜೋಯಿಸರು 1915ರಲ್ಲಿ ಹುಟ್ಟಿದ್ದು ಹಾಸನಕ್ಕೆ ಹತ್ತಿರದ ಕೌಶಿಕ ಗ್ರಾಮದಲ್ಲಿ. ಮುಂದೆ ತಮಗೆ ಗುರುಗಳಾದ ತಿರುಮಲೈ ಕೃಷ್ಣಮಾಚಾರ್ಯರ ಆಸನ ಪ್ರದರ್ಶನವನ್ನು ಅವರು ಬಾಲಕರಾಗಿದ್ದಾಗ, 1927ರಲ್ಲಿ, ಮೊದಲು ನೋಡಿದ್ದೂ ಹಾಸನ ಪಟ್ಟಣದಲ್ಲಿಯೇ. ಇಂಥ ಸೀಮೆಯವರಾದ ನಮ್ಮಲ್ಲಿಯೂ ಅನೇಕರ ಯೋಗ ಬೆಳಗಿನ ಚಾಪೆಯ ಮೇಲೆ ಆರಂಭವಾಗಿ, ಚಾಪೆ ಸುತ್ತಿಡುವಾಗ ಮುಗಿದುಹೋಗುತ್ತದೆ. ಯೋಗಸೂತ್ರವನ್ನು ರಚಿಸಿದ ಪತಂಜಲಿಯ 195 ಸೂತ್ರಗಳಲ್ಲಿ (ಕೆಲವು ಪಾಠಗಳಲ್ಲಿ 196) ಆಸನಕ್ಕೆ ಮೀಸಲಾದವು ಮೂರೇ ಮೂರು. ಉಳಿದವುಗಳಲ್ಲಿ ಹಲವು ಅಡುಗೆಮನೆ, ಅಂಗಡಿ, ತೋಟ, ಕಚೇರಿಗಳಲ್ಲಿ ನಾವು ನಡೆದುಕೊಳ್ಳುವ ರೀತಿಗೆ ಸಂಬಂಧಿಸಿದವು. ಅವುಗಳನ್ನು ದಿನದ ಕೆಲಸಕ್ಕೆ ತಂದುಕೊಳ್ಳಲು ಸಕಲೇಶಪುರದ ಕಡೆಯ ನಮ್ಮ ಸಣ್ಣ ಕಾಫಿ ತೋಟದಲ್ಲಿ ನಾನು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಕೆಲಸ, ಒಂದು ನೋಟ್‌ಬುಕ್ ತೆಗೆದುಕೊಂಡು ಪದಗಳ ಅರ್ಥವನ್ನು ಬಿಡಿಸಿಕೊಳ್ಳುವುದು. ಕನ್ನಡಿಗರಿಗೆ ಈ ಪದಗಳು ಚಿಕ್ಕಂದಿನಿಂದಲೇ ಗೊತ್ತು. ತೊಡಕು ಇರುವುದೂ ಅಲ್ಲಿಯೇ. ವೃತ್ತಿ ಎಂದರೆ ನಮಗೆ ಉದ್ಯೋಗ, ಸೂತ್ರದಲ್ಲಿ ಅದು ಚಿತ್ತದ ಅಲೆದಾಟ. ಸಂತೋಷ ಎಂದರೆ ನಮಗೆ ಹಿಗ್ಗು, ಸೂತ್ರದಲ್ಲಿ ಅದು ಇದ್ದುದರಲ್ಲಿ ತೃಪ್ತಿ. ಬೆಳಿಗ್ಗೆ ಎದ್ದು ಕಾಫಿ ಕುಡಿಯುವುದನ್ನೂ ನಾವು ಅಭ್ಯಾಸವೆನ್ನುತ್ತೇವೆ. ಆದರೆ ‘ತತ್ರ ಸ್ಥಿತೌ ಯತ್ನೋಽಭ್ಯಾಸಃ’ ಎಂದು ಸೂತ್ರವು ಹೇಳುವಾಗ, ಚಿತ್ತವನ್ನು ನೆಲೆಯಲ್ಲಿ ನಿಲ್ಲಿಸುವ ಪ್ರಯತ್ನಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಪ್ರಯತ್ನವಿಲ್ಲದೆ ನಡೆಯುವ ರೂಢಿಗೂ ಪ್ರಯತ್ನವೇ ಆದ ಅಭ್ಯಾಸಕ್ಕೂ ಎಷ್ಟು ದೂರವಿದೆಯೆಂಬುದನ್ನು ಗಮನಿಸಬೇಕು. ಹಾಳೆಯ ಎಡಕ್ಕೆ ನಮ್ಮ ಬಾಯಲ್ಲಿರುವ ಅರ್ಥವನ್ನೂ ಬಲಕ್ಕೆ ಸೂತ್ರದ ಅರ್ಥವನ್ನೂ ಬರೆದುಕೊಳ್ಳಿ. ಹತ್ತು ಪದಗಳು ಸಾಕು.

ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿ, ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಮಾಡುವ ಕೆಲಸವೊಂದಕ್ಕೆ ಅದನ್ನು ಕಟ್ಟಬೇಕು. ‘ಇಂದಿನಿಂದ ಸತ್ಯವನ್ನೇ ಹೇಳುತ್ತೇನೆ’ ಎಂಬ ಸಂಕಲ್ಪ ದೊಡ್ಡದು, ಆದರೆ ಅದಕ್ಕೆ ಹಿಡಿದುಕೊಳ್ಳಲು ಕೊಂಬೆಯಿಲ್ಲ. ನಾನು ಅಸ್ತೇಯವನ್ನು, ಅಂದರೆ ಕದಿಯದಿರುವುದನ್ನು, ಕೊಯ್ಲಿನ ಕಾಲದ ಸಂಜೆಯ ತೂಕಕ್ಕೆ ಕಟ್ಟಿದೆ. ಹಣ್ಣು ಕೊಯ್ದ ಹೆಂಗಸರು ಇಳಿಹೊತ್ತಿಗೆ ಚೀಲಗಳನ್ನು ಕಣಕ್ಕೆ ತಂದು ಸುರಿದು, ಎಲೆ, ಕಡ್ಡಿ, ಹಸಿರು ಕಾಯಿ ಆರಿಸಿ, ಮತ್ತೆ ತುಂಬಿ ತಕ್ಕಡಿಗೆ ಏರಿಸುತ್ತಾರೆ. ತಕ್ಕಡಿ 38 ಕಿಲೋ 400 ಗ್ರಾಂ ತೋರಿಸಿದರೆ ಪುಸ್ತಕದಲ್ಲಿ 38 ಎಂದು ಬರೆಯುವುದು ನಮ್ಮಲ್ಲಿ ಬಹಳ ವರ್ಷಗಳಿಂದ ನಡೆದುಬಂದಿತ್ತು. ನಾನು ಬರೆಯುತ್ತಿರಲಿಲ್ಲ, ಬರೆಯಲು ಹೇಳಿಯೂ ಇರಲಿಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ದಿನಕ್ಕೆ 400 ಗ್ರಾಂ ಎಂದರೆ 60 ದಿನಕ್ಕೆ 24 ಕಿಲೋ. ಒಬ್ಬ ಹೆಂಗಸಿನ ಅರ್ಧ ದಿನಕ್ಕೂ ಮೀರಿದ ದುಡಿಮೆ. ಎರಡನೆಯ ಪಾದದ, ಅಂದರೆ ಅಧ್ಯಾಯದ, 34ನೆಯ ಸೂತ್ರವು ಹಿಂಸೆಯೇ ಮೊದಲಾದ ತಪ್ಪುಗಳನ್ನು ಕೃತ, ಕಾರಿತ, ಅನುಮೋದಿತ ಎಂದು, ಅಂದರೆ ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡುವಾಗ ಒಪ್ಪಿಕೊಂಡದ್ದು ಎಂದು ಮೂರಾಗಿ ವಿಂಗಡಿಸುತ್ತದೆ. ನನ್ನದು ಮೂರನೆಯದು. ಆ ಸೂತ್ರವನ್ನು ಎಷ್ಟೋ ಸಲ ಪಠಿಸಿದ್ದ ನನಗೆ ಅದರ ಅರ್ಥ ತಕ್ಕಡಿಯ ಮುಂದೆ ನಿಂತಾಗ ತಿಳಿಯಿತು. ಈಗ ಗ್ರಾಮಿನವರೆಗೂ ಗಟ್ಟಿಯಾಗಿ ಓದಿ, ಅಷ್ಟನ್ನೂ ಬರೆಸುತ್ತೇನೆ.

ನಿಮ್ಮ ಕೆಲಸ ಬೇರೆಯಿರಬಹುದು. ಅಂಗಡಿಯವರಿಗೆ ಚಿಲ್ಲರೆ ಹಿಂದಿರುಗಿಸುವ ಗಳಿಗೆ, ಶಿಕ್ಷಕರಿಗೆ ಉತ್ತರಪತ್ರಿಕೆ ನೋಡುವ ಗಳಿಗೆ, ಮನೆಯವರಿಗೆ ಬಡಿಸುವ ಗಳಿಗೆ ಒದಗುತ್ತದೆ. ರಾತ್ರಿ ಮಲಗುವ ಮುನ್ನ ಆ ಒಂದು ಗಳಿಗೆಯನ್ನಷ್ಟೇ ನೆನೆದು, ಮಾಡಿದೆನೇ, ಮಾಡಿಸಿದೆನೇ, ಒಪ್ಪಿಕೊಂಡೆನೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇಡೀ ದಿನದ ಲೆಕ್ಕ ತೆಗೆಯಲು ಹೋದರೆ ನಾಲ್ಕನೆಯ ದಿನ ಬೇಸರ ಬರುತ್ತದೆ.

ಎಷ್ಟು ಕಾಲ ಮಾಡಬೇಕೆಂಬುದಕ್ಕೆ ಸೂತ್ರವು ದೀರ್ಘಕಾಲ, ನೈರಂತರ್ಯ, ಸತ್ಕಾರ ಎಂಬ ಮೂರು ಅಳತೆಗಳನ್ನು ಕೊಡುತ್ತದೆ: ಬಹುಕಾಲ, ನಡುವೆ ಬಿಡದೆ, ಆದರದಿಂದ. ನಮ್ಮ ಕಡೆಯವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಚಿಗುರು ತೆಗೆಯುವುದನ್ನು ಒಂದು ವರ್ಷ ಬಿಟ್ಟರೆ ಕಾಫಿ ಗಿಡ ಹೇಗೆ ಪೊದೆಯಾಗುತ್ತದೆಂದು ನಾವು ಕಣ್ಣಾರೆ ಕಂಡವರು. ಒಂದು ಪದಕ್ಕೆ ಕೊಯ್ಲಿನ ಆರಂಭದಿಂದ ಕೊನೆಯವರೆಗೆ, ಒಂದು ಇಡೀ ಹಂಗಾಮು ಕೊಡುವುದು ಸರಿಯೆಂದು ನನ್ನ ಅಭಿಪ್ರಾಯ.

ವ್ರತವು ಭಾರವೆನಿಸಿದರೆ ಶ್ರವಣಬೆಳಗೊಳದ ಪರಂಪರೆ ದಾರಿ ತೋರಿಸುತ್ತದೆ. ಪತಂಜಲಿಯ ಐದು ಯಮಗಳೂ (ನಡತೆಯ ಕಟ್ಟುಪಾಡುಗಳೂ) ಜೈನರ ಐದು ವ್ರತಗಳೂ ಒಂದೇ: ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ (ಅಗತ್ಯಕ್ಕೆ ಮೀರಿ ಕೂಡಿಡದಿರುವುದು). ದೇಶಕಾಲಗಳ ರಿಯಾಯಿತಿಯಿಲ್ಲದೆ ಪಾಲಿಸಿದಾಗ ಅವು ಮಹಾವ್ರತವೆಂದು ಪತಂಜಲಿ ಹೇಳಿದರೆ, ಜೈನ ಸಂಪ್ರದಾಯವು ಮುನಿಗಳಿಗೆ ಮಹಾವ್ರತವನ್ನೂ ಗೃಹಸ್ಥರಿಗೆ ಅಣುವ್ರತವನ್ನೂ, ಅಂದರೆ ಅದರದೇ ಸಣ್ಣ ರೂಪವನ್ನೂ, ವಿಧಿಸುತ್ತದೆ. ಪಿಂಛಿ (ನವಿಲುಗರಿಯ ಕುಂಚ), ಕಮಂಡಲುಗಳನ್ನು ಹಿಡಿದು ನಡೆಯುವ ದಿಗಂಬರ ಮುನಿಯ ಅಪರಿಗ್ರಹ ನಮಗೆ ಸಾಧ್ಯವಾಗದು. ಆದರೆ ಗೃಹಸ್ಥನು ತನ್ನ ಪರಿಗ್ರಹಕ್ಕೆ ತಾನೇ ಮಿತಿ ಹಾಕಿಕೊಳ್ಳುವ ಪರಿಮಾಣವ್ರತ ಖಂಡಿತ ಸಾಧ್ಯ. ಬಟ್ಟೆಯಂಗಡಿಗೆ ಹೊರಡುವ ಮೊದಲೇ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅದೇ ಆರಂಭ.

ಜನರೊಡನೆ ವ್ಯವಹರಿಸುವಾಗ ಮೊದಲ ಪಾದದ 33ನೆಯ ಸೂತ್ರದಷ್ಟು ನೆರವಾಗುವುದು ಇನ್ನೊಂದಿಲ್ಲ. ಸುಖದಲ್ಲಿರುವವರ ಬಗ್ಗೆ ಮೈತ್ರಿ, ದುಃಖದಲ್ಲಿರುವವರ ಬಗ್ಗೆ ಕರುಣೆ, ಪುಣ್ಯವಂತರ ಬಗ್ಗೆ ಮುದಿತೆ (ಮೆಚ್ಚಿ ಹಿಗ್ಗುವುದು), ಪಾಪಿಗಳ ಬಗ್ಗೆ ಉಪೇಕ್ಷೆ. ಇವುಗಳಿಂದ ಚಿತ್ತ ತಿಳಿಯಾಗುತ್ತದೆ. ಕಾಫಿ ಹೂವನ್ನು ಅರಳಿಸುವ ಹೂಮಳೆ ಪಕ್ಕದ ತೋಟಕ್ಕೆ ಹೊಯ್ದು ನಮ್ಮ ಬೇಲಿಯ ಹತ್ತಿರ ನಿಂತುಹೋದ ವರ್ಷ ಹೊಟ್ಟೆಯಲ್ಲಿ ಏಳುವ ಉರಿಯನ್ನು ಕಾಫಿ ಬೆಳೆಗಾರರೆಲ್ಲರೂ ಬಲ್ಲರು. ಆ ಹೊತ್ತಿಗೆ ಸೂತ್ರವು ಮೈತ್ರಿಯನ್ನು ಭಾವಿಸಲು ಹೇಳುತ್ತದೆ. ಭಾವಿಸುವುದೆಂದರೆ ಮನಸ್ಸಿನಲ್ಲಿ ಬೇಕೆಂದೇ ಬೆಳೆಸುವುದು. ತಾನಾಗಿ ಬರಲೆಂದು ಕಾಯುವುದಲ್ಲ. ನಾನು ಫೋನ್ ಮಾಡಿ ‘ಮಳೆ ಎಷ್ಟಾಯಿತು ಗೌಡ್ರೇ, ಹೂವು ಚೆನ್ನಾಗಿ ಕಟ್ಟಲಿ’ ಎಂದು ಹೇಳುತ್ತೇನೆ. ಮಾತು ಮೊದಲು ಬರುತ್ತದೆ, ಮನಸ್ಸು ನಿಧಾನವಾಗಿ ಅದರ ಹಿಂದೆ ಬರುತ್ತದೆ.

ಉಪೇಕ್ಷೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕನ್ನಡದಲ್ಲಿ ಅದು ಅಸಡ್ಡೆಗೆ ಹತ್ತಿರದ ಮಾತಾಗಿದೆ. ಜೈನರ ತತ್ತ್ವಾರ್ಥಸೂತ್ರವೆಂಬ ಗ್ರಂಥವು ಇಂಥವೇ ನಾಲ್ಕು ಭಾವನೆಗಳನ್ನು ಹೇಳುವಾಗ ಕೊನೆಯದನ್ನು ಮಾಧ್ಯಸ್ಥ್ಯ ಎಂದು ಕರೆಯುತ್ತದೆ. ಆ ಪದವನ್ನು ಪಕ್ಕದಲ್ಲಿಟ್ಟು ನೋಡಿದರೆ ಉಪೇಕ್ಷೆ ಎಂದರೆ ದ್ವೇಷವಿಲ್ಲದೆ ನಡುವೆ ನಿಲ್ಲುವುದೆಂದು ಸ್ಪಷ್ಟವಾಗುತ್ತದೆ. ಅನ್ಯಾಯವನ್ನು ಕಂಡು ಸುಮ್ಮನಿರುವುದು ಉಪೇಕ್ಷೆಯಾಗುವುದಿಲ್ಲ, ಅನುಮೋದಿತವಾಗುತ್ತದೆ. ಸಂತೋಷವೂ ಹಾಗೆಯೇ. ಅದನ್ನು ನಮಗೆ ನಾವು ಹೇಳಿಕೊಳ್ಳಬೇಕೇ ಹೊರತು, ಕೂಲಿ ಹೆಚ್ಚಿಸಿರೆಂದು ಕೇಳಲು ಬಂದವರಿಗೆ ‘ಇದ್ದುದರಲ್ಲಿ ತೃಪ್ತಿಪಡಿ’ ಎಂದು ಉಪದೇಶಿಸಬಾರದು.

ಹಂಗಾಮು ಮುಗಿದ ಮೇಲೆ ಹಳೆಯ ಪದವನ್ನು ಕೈಬಿಡದೆ, ಅದಕ್ಕೆ ಹತ್ತಿರದ ಇನ್ನೊಂದನ್ನು ಸೇರಿಸಿಕೊಳ್ಳಿ. ಅಸ್ತೇಯದ ನಂತರ ನಾನು ಸತ್ಯವನ್ನು ತೆಗೆದುಕೊಂಡೆ, ಜಾಗವನ್ನು ಬದಲಿಸಲಿಲ್ಲ. ಚೀಲ ಇಳಿಸಿದವರು ‘ಎಷ್ಟು ಬಂತಣ್ಣ?’ ಎಂದು ಕೇಳಿದಾಗ, ಪುಸ್ತಕವನ್ನು ಅವರ ಕಡೆಗೆ ತಿರುಗಿಸಿ ತೋರಿಸುತ್ತೇನೆ.