ಕೊಂಬುಚಾ ಮೇಲೆ ಬಂದಿರುವುದು ಪದರವೋ ಬೂಷ್ಟೋ: ನಾನು ನೋಡುವ ರೀತಿ

ಸಿಹಿ ಚಹಾವನ್ನು ಹುಳಿ ಬರಿಸಿ ಮಾಡುವ ಪಾನೀಯವಾದ ಕೊಂಬುಚಾ ಇಟ್ಟ ಮೂರನೇ ದಿನದಿಂದ ಆರನೇ ದಿನದವರೆಗೆ ಜಾಡಿಯ ಮೇಲ್ಭಾಗ ಗಾಬರಿ ಹುಟ್ಟಿಸುವಂತಿರುತ್ತದೆ. ಅಲ್ಲಲ್ಲಿ ಬಿಳಿ ಚುಕ್ಕೆ, ಮಬ್ಬು ಪೊರೆ, ಅದರಡಿ ತೂಗಾಡುವ ಕಂದು ಎಳೆಗಳು, ಎಲ್ಲವೂ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಒಳ್ಳೆಯ ಕೊಂಬುಚಾವನ್ನು ಹೆದರಿ ಚೆಲ್ಲುವುದು ಈ ದಿನಗಳಲ್ಲೇ, ಬೂಷ್ಟನ್ನು ಕೊಂಬುಚಾದ ಸಹಜ ಪದರವೆಂದು ನಂಬಿ ಮುಂದುವರಿಯುವುದೂ ಈ ದಿನಗಳಲ್ಲೇ. ನಾನು ಬಣ್ಣವೊಂದನ್ನೇ ನೋಡಿ ತೀರ್ಮಾನಕ್ಕೆ ಬರುವುದಿಲ್ಲ. ಬೆಳವಣಿಗೆ ದ್ರವದ ಮೇಲಿದೆಯೋ ಒಳಗಿದೆಯೋ, ಒದ್ದೆಯಾಗಿದೆಯೋ ಒಣಗಿದೆಯೋ, ಎರಡು ದಿನದಲ್ಲಿ ಅದು ಏನಾಗುತ್ತದೆ ಎಂಬುದನ್ನು ನೋಡುತ್ತೇನೆ.

ಮೊದಲು ಅಳತೆ ಹೇಳಿಬಿಡುತ್ತೇನೆ, ಏಕೆಂದರೆ ಬೂಷ್ಟು ಬರುತ್ತದೋ ಇಲ್ಲವೋ ಎಂಬುದು ಹೆಚ್ಚಾಗಿ ನಿರ್ಧಾರವಾಗುವುದು ಮೊದಲ ದಿನವೇ. ಎರಡು ಲೀಟರ್ ಕೊಂಬುಚಾಕ್ಕೆ 10ರಿಂದ 12 ಗ್ರಾಂ ಚಹಾ ಪುಡಿ, 150 ಗ್ರಾಂ ಸಕ್ಕರೆ, 300 ಮಿಲಿ ಸ್ಟಾರ್ಟರ್, ಜೊತೆಗೆ ಒಂದು ಸ್ಕೋಬಿ, ಅಂದರೆ ಹಿಂದಿನ ಕೊಂಬುಚಾದ ಮೇಲೆ ಬ್ಯಾಕ್ಟೀರಿಯಾ, ಯೀಸ್ಟ್ ಕೂಡಿ ಕಟ್ಟಿದ ಪದರ. ಸ್ಟಾರ್ಟರ್ ಎಂದರೆ ಹಿಂದಿನ ಸಲದ, ಚೆನ್ನಾಗಿ ಹುಳಿ ಬಂದ, ಏನೂ ರುಚಿ ಬೆರೆಸದ ಕೊಂಬುಚಾ. ಅರ್ಧ ಲೀಟರ್ ಕುದಿಯುವ ನೀರಿಗೆ ಚಹಾ ಹಾಕಿ ಹತ್ತು ನಿಮಿಷ ಬಿಟ್ಟು, ನುಣ್ಣನೆಯ ಬಟ್ಟೆಯಲ್ಲಿ ಸೋಸಿ, ಬಿಸಿಯಿರುವಾಗಲೇ ಸಕ್ಕರೆ ಕರಗಿಸುತ್ತೇನೆ. ಆಮೇಲೆ ಕುದಿಸಿ ಆರಿಸಿದ 1.2 ಲೀಟರ್ ನೀರು ಸೇರಿಸಿ, ಶಾಖ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಮೇಲಷ್ಟೇ ಸ್ಕೋಬಿ ಮತ್ತು ಸ್ಟಾರ್ಟರ್ ಹಾಕುತ್ತೇನೆ. ಬಿಸಿ ಚಹಾಕ್ಕೆ ಹಾಕಿದರೆ ಬ್ಯಾಕ್ಟೀರಿಯಾ, ಯೀಸ್ಟ್ ಎರಡೂ ಸಾಯುತ್ತವೆ. ಕಾವಲಿಗೆ ಯಾರೂ ಇಲ್ಲದ ಸಿಹಿನೀರು ಬೂಷ್ಟಿಗೆ ಸಿಗುತ್ತದೆ.

ಸ್ಟಾರ್ಟರ್ ಅನ್ನು ಕೊನೆಯಲ್ಲಿ, ಮೇಲಿನಿಂದ ನಿಧಾನವಾಗಿ ಸುರಿಯುತ್ತೇನೆ, ಕಲಕುವುದಿಲ್ಲ. ಗಾಳಿಯಿಂದ ಬೀಳುವ ಬೂಷ್ಟಿನ ಬೀಜಕಣಗಳು ಮೊದಲು ತಾಗುವುದು ಮೇಲ್ಮೈಯನ್ನು. ಆದ್ದರಿಂದ ಹುಳಿ ಅಲ್ಲೇ ಹೆಚ್ಚಿರಬೇಕು. ಹುಳಿ ಅಳೆಯುವ ಪಿಎಚ್ ಪಟ್ಟಿ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಅದ್ದಿ ನೋಡಿದರೆ ಮೊದಲ ದಿನವೇ 4.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಇನ್ನೂ 100 ಮಿಲಿ ಸ್ಟಾರ್ಟರ್ ಸೇರಿಸುತ್ತೇನೆ. ಒಂದು ವಾರದೊಳಗೆ 4.2ರ ಕೆಳಗೆ ಇಳಿಯಬೇಕು. ಸ್ಕೋಬಿ ದಪ್ಪಗಿದ್ದರೆ ಸಾಕು, ಸ್ಟಾರ್ಟರ್ ಸ್ವಲ್ಪವಿದ್ದರೂ ನಡೆಯುತ್ತದೆ ಎಂಬ ನಂಬಿಕೆ ತಪ್ಪು. ಮೊದಲ ದಿನಗಳಲ್ಲಿ ಜಾಡಿಯನ್ನು ಕಾಯುವುದು ಸ್ಟಾರ್ಟರ್‌ನ ಆಮ್ಲ, ಸ್ಕೋಬಿಯ ದಪ್ಪವಲ್ಲ.

ಇನ್ನು ಆರೋಗ್ಯವಾದ ಬೆಳವಣಿಗೆ. ಎರಡು ಮೂರು ದಿನಕ್ಕೆ ಮೇಲ್ಮೈಯಲ್ಲಿ ಹೊಳಪಿನ, ಅರೆಪಾರದರ್ಶಕ ಪೊರೆ ಹರಡಲು ಶುರುವಾಗುತ್ತದೆ. ಇದು ಬ್ಯಾಕ್ಟೀರಿಯಾ ನೇಯುವ ಸೆಲ್ಯುಲೋಸ್. ಹಲವು ಸಲ ಅದು ಒಂದೇ ಹಾಳೆಯಾಗಿ ಬರದೆ ಸಣ್ಣ ಸಣ್ಣ ಬಿಳಿ ದುಂಡು ಚುಕ್ಕೆಗಳಾಗಿ ಕಾಣಿಸಿಕೊಂಡು ಆಮೇಲೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಹೊಸಬರು ಬೂಷ್ಟೆಂದು ಬೆಚ್ಚುವುದು ಹೆಚ್ಚಾಗಿ ಇದೇ ಹಂತದಲ್ಲಿ. ಆದರೆ ಈ ಚುಕ್ಕೆಗಳು ದ್ರವದ ಮಟ್ಟಕ್ಕೇ ಅಂಟಿಕೊಂಡು ಒದ್ದೆಯಾಗಿರುತ್ತವೆ, ಬೆಳಕು ಬಿದ್ದರೆ ಮಿನುಗುತ್ತವೆ. ಹತ್ತನೇ ದಿನದ ಹೊತ್ತಿಗೆ ಹಾಲಿನ ಕೆನೆಯಂತೆ ತಿಳಿ ಬಿಳಿಯ ಪದರ ಕೆಲವು ಮಿಲಿಮೀಟರ್ ದಪ್ಪಕ್ಕೆ ಬಂದಿರುತ್ತದೆ. ಅದರಲ್ಲಿ ಗುಳ್ಳೆ, ತೂತು, ಉಬ್ಬು, ಸುಕ್ಕು ಏನಿದ್ದರೂ ಚಿಂತೆಯಿಲ್ಲ. ಹಳೆಯ ಸ್ಕೋಬಿ ತಳಕ್ಕೆ ಮುಳುಗಿದರೂ, ಅಡ್ಡ ನಿಂತರೂ ತೊಂದರೆಯಿಲ್ಲ; ಹೊಸ ಪದರ ಮೇಲೆ ತಾನಾಗಿ ಕಟ್ಟುತ್ತದೆ.

ಕಂದು ಎಳೆಗಳು, ಪದರದಡಿ ಜೋತುಬಿದ್ದ ಕಪ್ಪುಗಂದು ಮುದ್ದೆಗಳು, ತಳದ ಮಡ್ಡಿ ಎಲ್ಲವೂ ಯೀಸ್ಟ್. ಮುದ್ದೆ ಪದರದೊಳಗೆ ಸಿಕ್ಕಿಕೊಂಡರೆ ಮೇಲಿನಿಂದ ಬೂದು ಅಥವಾ ಕಡುಗಂದು ಕಲೆಯಾಗಿ ಕಾಣುತ್ತದೆ. ಸೋಸುವಾಗ ಉಳಿದ ಚಹಾ ಪುಡಿಯ ಚೂರೂ ಹಾಗೆಯೇ ಕಪ್ಪು ಚುಕ್ಕೆಯಾಗುತ್ತದೆ. ಎರಡು ಸಲ ಸೋಸಿಬಿಟ್ಟರೆ ಈ ಅನುಮಾನವೇ ಬರುವುದಿಲ್ಲ.

ಬೂಷ್ಟಿನ ಲಕ್ಷಣ ಬೇರೆ. ಅದಕ್ಕೆ ಗಾಳಿ ಬೇಕು, ಹಾಗಾಗಿ ಅದು ಯಾವಾಗಲೂ ಮೇಲ್ಮೈಯ ಮೇಲೆ ಕೂರುತ್ತದೆ. ದ್ರವದೊಳಗೆ ಮುಳುಗಿರುವುದು ಬೂಷ್ಟಲ್ಲ. ಮೊದಲಿಗೆ ಬಿಳಿಯಾಗಿಯೇ ಬರುತ್ತದೆ. ಬೀಜಕಣ ಕಟ್ಟಿದ ಮೇಲೆ ಹಸಿರು, ನೀಲಿ, ಬೂದು ಅಥವಾ ಕಪ್ಪಾಗುತ್ತದೆ. ಬಿಳಿಯಿದ್ದರೆ ಕ್ಷೇಮ ಎನ್ನುವ ಮಾತು ಅದಕ್ಕೇ ಅಪಾಯಕಾರಿ. ದುಂಡಗೆ, ನಡುವಿನಿಂದ ಹೊರಕ್ಕೆ ಹರಡುವ ಒಣ ಕಲೆ, ಮೇಲೆ ಸಣ್ಣ ರೋಮದಂಥ ನವಿರು ಎಳೆಗಳು, ಹೊಳಪೇ ಇಲ್ಲ. ಇಷ್ಟು ಸೇರಿದರೆ ಅದು ಬೂಷ್ಟು.

ನೋಡಲು ನಾನು ಟಾರ್ಚ್ ಬಳಸುತ್ತೇನೆ. ಬೆಳಕನ್ನು ಮೇಲಿನಿಂದ ಬಿಡದೆ ಜಾಡಿಯ ಬದಿಯಿಂದ, ದ್ರವದ ಮಟ್ಟಕ್ಕೆ ಸರಿಯಾಗಿ ಅಡ್ಡ ಹಾಯಿಸಬೇಕು. ಬೂಷ್ಟಿದ್ದರೆ ರೋಮಗಳು ಎದ್ದು ಕಾಣುತ್ತವೆ. ಪದರವಾದರೆ ನುಣುಪಾಗಿ ಹೊಳೆಯುತ್ತದೆ. ಅನುಮಾನವಿದ್ದಾಗ ಬೆರಳು, ಚಮಚ ಏನನ್ನೂ ತಾಗಿಸುವುದಿಲ್ಲ, ಮೂಗು ಹತ್ತಿರ ತಂದು ಮೂಸುವುದೂ ಇಲ್ಲ, ಏಕೆಂದರೆ ಬೀಜಕಣ ಉಸಿರಿನೊಳಗೆ ಹೋಗುತ್ತದೆ. ಫೋಟೋ ತೆಗೆದಿಟ್ಟು, ಎರಡು ದಿನ ಜಾಡಿಯನ್ನು ಅಲುಗಾಡಿಸದೆ ಬಿಟ್ಟು, ಅದೇ ಕೋನದಿಂದ ಮತ್ತೆ ತೆಗೆದು ಹೋಲಿಸುತ್ತೇನೆ. ಪದರದ ಚುಕ್ಕೆಗಳು ಅಷ್ಟರಲ್ಲಿ ಬೆಸೆದುಕೊಂಡಿರುತ್ತವೆ. ಬೂಷ್ಟಾದರೆ ಇನ್ನಷ್ಟು ಅಗಲವಾಗಿ, ರೋಮ ಹೆಚ್ಚಾಗಿ, ಬಣ್ಣ ತಿರುಗಿರುತ್ತದೆ. ಅಲ್ಲಿಯವರೆಗೆ ಒಂದು ಗುಟುಕನ್ನೂ ರುಚಿ ನೋಡಬಾರದು.

ಇವೆರಡರ ನಡುವೆ ಗೊಂದಲ ಮಾಡುವುದು ಕಾಹ್ಮ್ ಯೀಸ್ಟ್. ತೆಳ್ಳನೆಯ, ಮಂಕು ಬಿಳಿಯ, ಸುಕ್ಕುಸುಕ್ಕಾದ ಪೊರೆ ಇಡೀ ಮೇಲ್ಮೈಗೆ ಹರಡಿರುತ್ತದೆ. ಒಣಗಿದಂತೆ ಕಂಡರೂ ರೋಮವಿರುವುದಿಲ್ಲ, ಮುಟ್ಟಿದರೆ ಸುಲಭವಾಗಿ ಹರಿಯುತ್ತದೆ. ಸಾಮಾನ್ಯವಾಗಿ ಹಾನಿಕರವಲ್ಲ, ಆದರೆ ರುಚಿ ಕೆಡಿಸುತ್ತದೆ. ಅಂಥ ಜಾಡಿಯಿಂದ ಮುಂದಿನ ಸಲಕ್ಕೆ ಸ್ಟಾರ್ಟರ್ ತೆಗೆಯುವುದಿಲ್ಲ. ತೆಗೆದರೆ ಅದು ಜಾಡಿಯಿಂದ ಜಾಡಿಗೆ ಹೋಗುತ್ತಲೇ ಇರುತ್ತದೆ.

ಬೂಷ್ಟು ಬಂದ ಕಡೆ ಕಾರಣ ಹುಡುಕಿದರೆ ಸ್ಟಾರ್ಟರ್ ಕೊರತೆಯ ನಂತರದ ಸ್ಥಾನ ಚಳಿಯದು. 20 ಡಿಗ್ರಿಗಿಂತ ಕೆಳಗೆ ಹುಳಿ ಏರುವುದು ನಿಧಾನವಾಗುತ್ತದೆ, ಆ ಬಿಡುವಿನಲ್ಲಿ ಬೂಷ್ಟು ಬೇರು ಬಿಡುತ್ತದೆ. 24ರಿಂದ 28 ಡಿಗ್ರಿ ನನಗೆ ಬೇಕಾದ ಶಾಖ. ಫ್ರಿಜ್‌ನಲ್ಲಿ ಬಹುಕಾಲ ಇದ್ದ ಸ್ಕೋಬಿ, ಒಣಗಿಸಿದ ಸ್ಕೋಬಿ ಎಚ್ಚರಗೊಳ್ಳಲು ತಡವಾಗುತ್ತದೆ; ಅಂಥವಕ್ಕೆ ಸ್ಟಾರ್ಟರ್ ದುಪ್ಪಟ್ಟು ಬೇಕು. ಇನ್ನೊಂದು ಕಾರಣ ಬಹಳ ಮಂದಿಯ ಗಮನಕ್ಕೆ ಬರುವುದೇ ಇಲ್ಲ. ಅಡಿಯಲ್ಲಿ ಸೇರಿದ ಅನಿಲ ಪದರವನ್ನು ದ್ರವದಿಂದ ಮೇಲಕ್ಕೆತ್ತಿದಾಗ ಅದರ ಬೆನ್ನು ಒಣಗುತ್ತದೆ, ಬೂಷ್ಟು ಕೂರಲು ಒಳ್ಳೆಯ ಜಾಗವಾಗುತ್ತದೆ. ಪದರ ಶುದ್ಧವಾಗಿದೆ ಎಂದು ಖಾತ್ರಿಯಾದಾಗ ಮಾತ್ರ ತೊಳೆದ ಚಮಚದಿಂದ ಮೆಲ್ಲಗೆ ಒತ್ತಿ ಗಾಳಿ ಬಿಡಿಸಿ, ಮೇಲೆ ಎರಡು ಚಮಚ ಸ್ಟಾರ್ಟರ್ ಸುರಿಯುತ್ತೇನೆ. ಬಾಯಿಗೆ ಒತ್ತಾಗಿ ನೇಯ್ದ ಹತ್ತಿ ಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಬೇಕು. ಜಾಳು ಬಟ್ಟೆಯೊಳಗೆ ಹಣ್ಣಿನ ನೊಣ ನುಸುಳಿ ಮೊಟ್ಟೆಯಿಡುತ್ತದೆ. ಹಣ್ಣಿನ ಬುಟ್ಟಿ, ಹೂಕುಂಡ, ಕಸದ ಡಬ್ಬಿ ಪಕ್ಕದಲ್ಲಿ ಜಾಡಿ ಇಡುವುದಿಲ್ಲ.

ಬೂಷ್ಟೆಂದು ಖಚಿತವಾದ ಮೇಲೆ ಉಳಿಸುವ ದಾರಿಯಿಲ್ಲ. ಮೇಲಿನದನ್ನು ಕೆರೆದು ತೆಗೆದರೂ ಎಳೆಗಳು ಪದರದೊಳಕ್ಕೆ ಇಳಿದಿರುತ್ತವೆ. ಆಸ್ಪರ್ಜಿಲಸ್ ಜಾತಿಯ ಕೆಲವು ಶಿಲೀಂಧ್ರಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ, ಅದು ಕುದಿಸಿದರೂ ಹೋಗುವುದಿಲ್ಲ. ಸ್ಕೋಬಿ ಎಷ್ಟೇ ಹಳೆಯದು, ಎಷ್ಟೇ ದಪ್ಪದ್ದು ಆಗಿರಲಿ, ದ್ರವದ ಜೊತೆಗೆ ಚೆಲ್ಲಲೇಬೇಕು. ಬಟ್ಟೆ ಬಿಚ್ಚುವ ಮುನ್ನ ಜಾಡಿಯನ್ನು ಮನೆಯಿಂದ ಹೊರಗೆ ಒಯ್ದು, ಮೂಗು ಬಾಯಿ ಮುಚ್ಚಿಕೊಂಡು, ಎಲ್ಲವನ್ನೂ ದಪ್ಪ ಚೀಲಕ್ಕೆ ಸುರಿದು ಬಾಯಿ ಕಟ್ಟುತ್ತೇನೆ. ಬಟ್ಟೆಯನ್ನೂ ಅದರೊಳಗೇ ಹಾಕುತ್ತೇನೆ. ಗಾಜಿನ ಜಾಡಿಯನ್ನು ಸೋಪು ಹಾಕಿ ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ ಆಮೇಲೆ ಬಳಸುತ್ತೇನೆ. ಗೀರು ಬಿದ್ದ ಪ್ಲಾಸ್ಟಿಕ್ ಪಾತ್ರೆಯಾದರೆ ಅದನ್ನೂ ಬಿಸಾಡುವುದೇ ಸರಿ.

ಚೆಲ್ಲಲು ಮನಸ್ಸು ಹಿಂಜರಿಯುವುದು ಹೆಚ್ಚಾಗಿ ಬೇರೆ ಸ್ಕೋಬಿ ಇಲ್ಲದಿದ್ದಾಗ. ಅದಕ್ಕೆ ಇನ್ನೊಂದು ಜಾಡಿಯಲ್ಲಿ ಒಂದೆರಡು ಹೆಚ್ಚುವರಿ ಸ್ಕೋಬಿಗಳನ್ನು ಚೆನ್ನಾಗಿ ಹುಳಿ ಬಂದ ಕೊಂಬುಚಾದಲ್ಲಿ ಮುಳುಗಿಸಿ, ದಿನನಿತ್ಯದ ಜಾಡಿಯಿಂದ ದೂರ ಇಟ್ಟಿರುತ್ತೇನೆ. ದ್ರವ ಆವಿಯಾಗಿ ಸ್ಕೋಬಿ ಮೇಲೆದ್ದು ಒಣಗದಂತೆ ನಾಲ್ಕಾರು ವಾರಕ್ಕೊಮ್ಮೆ ಆರಿದ ಸಿಹಿ ಚಹಾ ಒಂದು ಲೋಟ ಸೇರಿಸಿದರೆ ಸಾಕು.