ಉಗಿ ಇಂಜಿನ್‌ಗೆ ಕವಚ ಕೂರಿಸಲು ಹೋಗಿ

ರೈಲು ಕೆಂಪು ಸಿಗ್ನಲ್ ದಾಟದಂತೆ ತಾನೇ ಬ್ರೇಕ್ ಹಾಕುವ ನಮ್ಮ ರೈಲ್ವೆಯ ವ್ಯವಸ್ಥೆಯೇ ಕವಚ. ಅಂಥದ್ದನ್ನೇ ನನ್ನ ಪುಟ್ಟ ಇಂಜಿನ್‌ಗೆ ಹಾಕಲು ಹೋದೆ. ಹಳಿಯ ಮೇಲಿನ ಟ್ಯಾಗ್ ಓದುವ ಮೊದಲ ರೀಡರ್ ಮೂರನೇ ಸುತ್ತಿಗೇ ಕರಗಿತು. ತಪ್ಪು ನನ್ನದೇ. ಕೆಂಡ ಬೀಳುವ ಬೂದಿ ತಟ್ಟೆಯ ಪಕ್ಕ ಪ್ಲಾಸ್ಟಿಕ್ ಡಬ್ಬಿ ಕಟ್ಟಿದರೆ ಇನ್ನೇನಾಗುತ್ತೆ?

ವಾಡಿಯಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಹುಚ್ಚು ಮಾತ್ರ ರೈಲಿನದು. ಮನೆ ಹಿಂದೆ ಶಹಾಬಾದ್ ಫರಸಿಯ ಮೇಲೆ ಐದು ಇಂಚು ಗೇಜಿನ ಹಳಿ ಹಾಕಿದ್ದೇನೆ. ಅದರ ಮೇಲೆ ಕಲ್ಲಿದ್ದಲು ಉರಿಸಿಯೇ ಓಡುವ ಪುಟ್ಟ ಇಂಜಿನ್, ಹಿಂದೆ ಕಲ್ಲಿದ್ದಲು, ನೀರು ಹೊರುವ ಬಂಡಿ, ಅಂದರೆ ಟೆಂಡರ್.

2016ರಲ್ಲಿ ಪ್ರಯಾಣಿಕರ ರೈಲುಗಳ ಮೇಲೆ ಕವಚದ ಪರೀಕ್ಷೆ ಶುರುವಾದದ್ದು ನಮ್ಮ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ, ಬೀದರ್ ದಾರಿಯಲ್ಲೇ. ಸ್ಲೀಪರ್ ಮೇಲಿನ ಟ್ಯಾಗನ್ನು ಇಂಜಿನ್ ಹೊಟ್ಟೆಯ ಕೆಳಗಿನ ರೀಡರ್ ಓದುತ್ತೆ. ಸಿಗ್ನಲ್ ಸುದ್ದಿ ರೇಡಿಯೋದಲ್ಲಿ ಬರುತ್ತೆ. ಲೋಕೋ ಪೈಲಟ್, ಅಂದರೆ ಚಾಲಕ, ಕೆಂಪು ದಾಟಲು ಹೊರಟರೆ ಬ್ರೇಕ್ ತಾನೇ ಬೀಳುತ್ತೆ. ನಮ್ಮಲ್ಲಿ ಬ್ರಾಡ್‌ಗೇಜಿನ ದಿನನಿತ್ಯದ ಉಗಿ ಓಡಾಟ 1995ಕ್ಕೇ ಮುಗಿದಿದ್ದರಿಂದ ಉಗಿ ಇಂಜಿನ್‌ಗೆ ಕವಚ ಕೂರಿಸುವ ತಲೆನೋವು ಬರಲಿಲ್ಲ. ಇಂಗ್ಲೆಂಡಿನವರಿಗೆ ಬಂತು. 2008ರಲ್ಲಿ ಕಟ್ಟಿ ಮುಗಿಸಿದ ಟೊರ್ನೇಡೋ ಎಂಬ ಉಗಿ ಇಂಜಿನ್‌ಗೆ ಕವಚದಂಥದ್ದೇ ಯುರೋಪಿನ ವ್ಯವಸ್ಥೆ ಇಟಿಸಿಎಸ್ ಕೂರಿಸಿದ್ದಾರೆ. ನನ್ನ ಪುಟ್ಟದಕ್ಕೂ ನೋಡೋಣ ಅಂತ ಇಳಿದೆ.

ಕರಗಿದ ಮೇಲೆ ರೀಡರನ್ನು ಟೆಂಡರ್ ಕೆಳಗೆ ಒಯ್ದೆ. ಅಲ್ಲಿ ಕೆಂಡ ಬೀಳಲ್ಲ. ಆದರೆ ಕಬ್ಬಿಣದ ಚಾಸಿಗೆ ಅಂಟಿಸಿದ್ದರಿಂದ ಟ್ಯಾಗ್ ಓದಲೇ ಇಲ್ಲ. ನಡುವೆ ಒಂದಿಂಚು ಮರದ ತುಂಡು ಇಟ್ಟೆ, ಓದಿತು. ಓಡಿದ ದೂರ ಅಳೆಯುವ ಗಾಲಿ ಸೆನ್ಸರನ್ನೂ ಟೆಂಡರ್‌ಗೇ ಹಾಕಿದೆ. ಇಂಜಿನ್ ಗಾಲಿ ಹೊರಡುವಾಗ ಜಾರುತ್ತೆ. ನಿಂತಲ್ಲೇ ಮೂರು ಮೀಟರ್ ಓಡಿದೆ ಅಂತ ಲೆಕ್ಕ ಕೊಡುತ್ತಿತ್ತು!

ಬ್ರೇಕಿನದು ಬೇರೆ ಕಥೆ. ಟೆಂಡರ್ ಗಾಲಿಗೆ ಬ್ರೇಕ್ ಬಿತ್ತು, ಇಂಜಿನ್ ಅದನ್ನು ಎಳೆದುಕೊಂಡೇ ಕೆಂಪು ದಾಟಿತು. ಉಗಿ ಬಿಡುವ ರೆಗ್ಯುಲೇಟರ್ ತೆರೆದೇ ಇತ್ತಲ್ಲ. ಡೀಸೆಲ್‌ನಲ್ಲಿ ಎಳೆತ ಕಡಿಯಲು ಒಂದು ವೈರ್ ಸಾಕು, ಇಲ್ಲಿ ಉಗಿ ನಿಲ್ಲಿಸುವುದು ಕೈಯಿಂದ. ಪಕ್ಕದ ಮನೆಯ ಅಜ್ಜ ಹಿಂದೆ ಉಗಿ ಇಂಜಿನ್ ಓಡಿಸಿದವರು. ನೋಡಿ ನಕ್ಕರು: "ಮೂಗುದಾರ ಹಿಡಿದು ಜಗ್ಗಿ, ಹಿಂದಿಂದ ಬಾರುಕೋಲಲ್ಲೂ ಹೊಡೆದ್ರ ಎತ್ತು ನಿಲ್ತದೇನೋ?"

ಅವರ ಕಾಲದ ವ್ಯಾಕ್ಯೂಮ್ ಬ್ರೇಕಿನಲ್ಲಿ ಪೈಪ್ ಒಡೆದರೆ ಬ್ರೇಕ್ ಬೀಳುತ್ತಿತ್ತು, ಬಿಡುತ್ತಿರಲಿಲ್ಲ. ನಾನೂ ಹಾಗೇ ಮಾಡಿದೆ. ಸ್ಪ್ರಿಂಗ್ ಬ್ರೇಕನ್ನು ಒತ್ತುತ್ತೆ, ಕರೆಂಟ್ ಇರುವವರೆಗೆ ಒಂದು ಮ್ಯಾಗ್ನೆಟ್ ಅದನ್ನು ಹಿಡಿದಿರುತ್ತೆ. ಅದೇ ಲೈನಿನಲ್ಲಿ ಇನ್ನೊಂದು ಮ್ಯಾಗ್ನೆಟ್, ರೆಗ್ಯುಲೇಟರ್ ಕೊಂಡಿಗೆ. ಬೈಕ್ ಬ್ಯಾಟರಿಯ ವೈರ್ ಕಿತ್ತರೂ ಸರಿ, ಉಗಿ ಮುಚ್ಚಿ ಬ್ರೇಕ್ ಬೀಳುತ್ತೆ.

ಆದರೂ ಇಂಜಿನ್ ಪ್ರತಿ ಸಲ ಸಿಗ್ನಲ್ ದಾಟಿಯೇ ನಿಲ್ಲುತ್ತಿತ್ತು. ಎರಡು ದಿನ ಬ್ರೇಕ್ ಬಿಗಿ ಮಾಡಿದೆ. ಆಮೇಲೆ ಸುಮ್ನೆ ಟೇಪ್ ಹಿಡಿದೆ: ರೀಡರ್‌ನಿಂದ ಇಂಜಿನ್ ಮೂತಿಗೆ 92 ಸೆಂ.ಮೀ. ರೀಡರ್ ಟ್ಯಾಗ್ ಓದುವ ಹೊತ್ತಿಗೆ ಮೂತಿ ಅಷ್ಟು ಮುಂದಿರುತ್ತೆ. ಪ್ರೋಗ್ರಾಮಿನಲ್ಲಿ 92 ಕೂಡಿಸಿದೆ, ಸರಿಹೋಯಿತು. ಟೆಂಡರ್ ಮುಂದಾಗಿ ಓಡಿಸಿದಾಗ ಮತ್ತೆ ತಪ್ಪಿತು, ಸಿಗ್ನಲ್‌ಗೆ ಮೊಳಗಟ್ಟಲೆ ದೂರದಲ್ಲೇ ನಿಂತುಬಿಟ್ಟಿತು. ಅದಕ್ಕೆ ದಿಕ್ಕು ಬದಲಿಸುವ ರಿವರ್ಸರ್ ಲಿವರ್‌ಗೆ ಸ್ವಿಚ್ ಹಾಕಿದ್ದೇನೆ.

ಈಗ ಉಳಿದಿರುವುದು ಒಂದು. ಲಿವರ್ ನಡುವಿಟ್ಟು ಉಗಿ ಇಲ್ಲದೆ ಉರುಳುವಾಗ ಯಾವ ಕಡೆ ಹೊರಟಿದೆ ಅಂತ ಸ್ವಿಚ್‌ಗೆ ಗೊತ್ತಾಗಲ್ಲ. ಗಾಲಿಗೆ ಎರಡನೇ ಸೆನ್ಸರ್ ಬೇಕು, ಯಾವುದು ಮೊದಲು ಮಿಟುಕುತ್ತೆ ನೋಡಿ ದಿಕ್ಕು ಹೇಳಬಹುದು. ತಂದಿಟ್ಟಿದ್ದೇನೆ. ಈ ಬಿಸಿಲಲ್ಲಿ ಹಳಿ ಮುಟ್ಟೋಕಾಗಲ್ಲ, ಸಂಜೆ ಕೂರಿಸಬೇಕು.